ಬೆಟ್ಟದ ಹಿಂಬದಿ

ಚಡಚಣದ ಹುಡುಗರಿಗೆ ‘ಒಂದು ನಿಸರ್ಗ ಚಿತ್ರ ತಗೀರಿ’ ಅಂದರೆ ಸಾಕು, ನಲವತ್ತು ಹಾಳೆಗಳ ಮೇಲೆ ನಲವತ್ತು ಜೋಡಿ ಗುಡ್ಡ ಏಳುತ್ತವೆ. ಎರಡು ತ್ರಿಕೋನ, ನಡುವಿನ ಸಂದಿಯಲ್ಲಿ ಅರ್ಧ ಸೂರ್ಯ, ಅಲ್ಲಿಂದ ಹಾವಿನಂತೆ ಇಳಿದು ಬರುವ ಹೊಳೆ, ಹೊಳೆಯ ದಂಡೆಗೆ ಒಂದು ತೆಂಗಿನ ಮರ. ಆ ಹುಡುಗರಲ್ಲಿ ಗುಡ್ಡ ಕಂಡವರು ಒಬ್ಬಿಬ್ಬರೂ ಇರಲಿಕ್ಕಿಲ್ಲ. ನಮ್ಮದು ಎರೆಭೂಮಿ. ಊರ ಹೊರಗೆ ನಿಂತರೆ ಬಿಳಿಜೋಳದ ಹೊಲ, ಅದರಾಚೆ ತೊಗರಿ, ಅದರಾಚೆ ಇನ್ನೊಬ್ಬರ ಬಿಳಿಜೋಳ. ತೆಂಗಿಗಿಂತ ನಮಗೆ ಜಾಲಿಯ ಪರಿಚಯ ಹೆಚ್ಚು. ಭೀಮೆಯಾದರೂ ಹಾವಿನಂತೆ ಇಳಿಯುತ್ತಾಳೆಯೇ? ಬೇಸಿಗೆಯಲ್ಲಿ ಎಲ್ಲಿದ್ದಾಳೆಂದು ಕೇಳಿಕೊಂಡು ಹೋಗಬೇಕು.

ಇಪ್ಪತ್ತೊಂಬತ್ತು ವರ್ಷ ಡ್ರಾಯಿಂಗ್ ಮಾಸ್ತರನಾಗಿ ಈ ತ್ರಿಕೋನಗಳಿಗೆ ಗುಣ ಹಾಕಿದ್ದೇನೆ. ಒಂದೇ ಥರದ ಗುಡ್ಡಗಳಲ್ಲಿ ಯಾರದು ಅಸಲು, ಯಾರದು ನಕಲು ಎಂದು ಹಿಡಿಯುವುದು ನನ್ನ ಗುಪ್ತ ವಿದ್ಯೆಯಾಗಿತ್ತು. ಸೂರ್ಯನ ಕಿರಣ ಎಣಿಸಬೇಕು. ಮುಂದಿನ ಬೆಂಚಿನ ಹುಡುಗಿಯ ಪಟ್ಟಿಯ ಅಂಚು ಮುರಿದಿದ್ದರೆ ಅವಳ ಒಂದು ಕಿರಣ ತುದಿಯಲ್ಲಿ ತುಸು ಸೊಟ್ಟ ಆಗುತ್ತದೆ. ಹಿಂದಿನ ಬೆಂಚಿನವನ ಪಟ್ಟಿ ನೆಟ್ಟಗಿದ್ದರೂ ಅವನ ಕಿರಣ ಅದೇ ಜಾಗದಲ್ಲಿ ಸೊಟ್ಟ. ಅವಳದು ಪಟ್ಟಿಯ ತಪ್ಪು, ಇವನದು ಕಣ್ಣಿನ ಕೆಲಸ. ಅವಳಿಗೆ ಪೂರ್ತಿ ಗುಣ, ಇವನಿಗೆ ಅರ್ಧ. ಈ ವಿದ್ಯೆಗೂ ಯುರೋಪಿನ ಮ್ಯೂಸಿಯಂಗಳಿಗೂ ಸಂಬಂಧ ಇದ್ದೀತೆಂದು ಆಗ ಕನಸಿನಲ್ಲೂ ಅಂದುಕೊಂಡಿರಲಿಲ್ಲ.

ನೋಡುವುದನ್ನು ನನಗೆ ಮೊದಲು ಕಲಿಸಿದ್ದು ಆರ್ಟ್ ಸ್ಕೂಲ್ ಅಲ್ಲ, ನಮ್ಮಣ್ಣನ ಜವಳಿ ಅಂಗಡಿ. ಚಡಚಣವೆಂದರೆ ಸುತ್ತಿನ ಹಳ್ಳಿಗಳಿಗೆ ಜವಳಿಯ ಪೇಟೆ. ಮದುವೆಯ ಬಸ್ತಾ ಕಟ್ಟಿಸಲು ಭೀಮೆಯ ಆಚೆಯಿಂದಲೂ ಮರಾಠಿ ಮಾತಾಡುತ್ತ ಜನ ಬರುತ್ತಾರೆ. ಗಾದಿಯ ಮೇಲೆ ಕೂತು ಅಣ್ಣ ಸೀರೆಯನ್ನು ಮೊದಲು ಮುಂದಿನಿಂದ ಹಾಸುತ್ತಿದ್ದ, ಗಿರಾಕಿಗಾಗಿ. ಆಮೇಲೆ ಹಿಂದಿನಿಂದ, ನನಗಾಗಿ. ‘ಸೆರಗ ಎಲ್ಲಾರೂ ನೋಡತಾರ. ನೀ ಹಿಂದ ನೋಡು,’ ಅನ್ನುತ್ತಿದ್ದ. ಕೈಮಗ್ಗದ ಇಳಕಲ್ ಸೀರೆಯಲ್ಲಿ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿ ಹಾಕಿ ಕೂಡಿಸುತ್ತಾರೆ. ಆ ಕೊಂಡಿಯನ್ನು ಬೆರಳಿಗೆ ತಾಗಿಸಿ ನೋಡಿದರೆ ಸೀರೆ ತನ್ನ ಊರು ಯಾವುದೆಂದು ಹೇಳುತ್ತದೆ. ಕಸೂತಿಯ ಗವಂತಿ ಹೊಲಿಗೆಯಾದರೆ ಹಿಂದೂ ಮುಂದೂ ಒಂದೇ; ಗಂಟು ಕಂಡರೆ ಹೊಲಿದವಳಿಗೆ ಕೆಲಸ ಬಾರದು ಎಂದರ್ಥ.

ಈ ಅಣ್ಣನ ಮಗಳು ಈಗ ಗಂಡನೊಂದಿಗೆ ಜ್ಯೂರಿಕ್‌ನಲ್ಲಿದ್ದಾಳೆ. ನಾನು ನಿವೃತ್ತನಾದ ವರ್ಷ ಫೋನಿನಲ್ಲಿ, ‘ಕಾಕಾ, ಇಷ್ಟ ವರ್ಷ ಹುಡುಗರ ಕಡೆ ಗುಡ್ಡಾ ತಗಸೀರಿ. ಖರೇ ಗುಡ್ಡಾ ಒಮ್ಮಿ ನೋಡಬರ್ರಿ,’ ಅಂದಳು. ಅಕ್ಟೋಬರಿನಲ್ಲಿ ಹೊರಟೆ. ಚೀಲದಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ, ಅವಳು ಹೇಳಿದ್ದ ಇಂಡಿ ಲಿಂಬೆಹಣ್ಣಿನ ಉಪ್ಪಿನಕಾಯಿ. ಕಸ್ಟಮ್ಸ್‌ನವರು ಹಿಂಡಿಯ ಡಬ್ಬಿಯನ್ನು ಬಹಳ ಹೊತ್ತು ನೋಡಿದರು, ವಾಸನೆ ತಗೊಂಡು ಬಿಟ್ಟುಕೊಟ್ಟರು.

ಬೆಟ್ಟದ ಚಿತ್ರವೆಂದರೆ ಅದಕ್ಕೂ ಮೊದಲು ನನಗೆ ಒಂದೇ ನೆನಪು: ಬೆಂಗಳೂರಿನ ಚಿತ್ರಕಲಾ ಪರಿಷತ್ತು. ಹುಡುಗರನ್ನು ಕರೆದುಕೊಂಡು ಹೋದಾಗ ಅಲ್ಲಿನ ರೋರಿಕ್ ಗ್ಯಾಲರಿಗಳಲ್ಲಿ ನಿಂತಿದ್ದೆ. ತಂದೆ ನಿಕೊಲಾಯ್ ರೋರಿಕ್ ರಷ್ಯದಿಂದ ಹೊರಟು, ಮಧ್ಯ ಏಷ್ಯ ಸುತ್ತಿ, ಕುಲು ಕಣಿವೆಯ ನಗ್ಗರ್‌ನಲ್ಲಿ ನೆಲೆಸಿ 1947ರಲ್ಲಿ ಅಲ್ಲೇ ತೀರಿದವರು. ಮಗ ಸ್ವೆತೋಸ್ಲಾವ್ ನಟಿ ದೇವಿಕಾ ರಾಣಿಯನ್ನು ಮದುವೆಯಾಗಿ ಕನಕಪುರ ರಸ್ತೆಯ ತಾತಗುಣಿ ತೋಟದಲ್ಲಿ ಬಾಳಿ 1993ರಲ್ಲಿ ತೀರಿದರು. ಇಬ್ಬರೂ ಬರೆದದ್ದು ಅದೇ ಹಿಮಾಲಯ. ತಂದೆಯ ಬೆಟ್ಟ ತಣ್ಣಗೆ, ನೀಲಿಯ ಪದರ ಪದರವಾಗಿ, ಜಪಕ್ಕೆ ಕೂತಂತೆ. ಮಗನ ಬೆಟ್ಟಕ್ಕೆ ಜ್ವರ ಬಂದಿರುತ್ತದೆ. ಕೇಸರಿ, ನೇರಳೆ, ಕೆಂಪು. ಆವತ್ತು ನಮ್ಮ ಒಬ್ಬ ಹುಡುಗ, ‘ಸರ್, ಇವ್ರೂ ಒಬ್ಬರದು ಒಬ್ಬರು ನೋಡಿ ತಗದಾರೇನ್ರಿ?’ ಎಂದು ಕೇಳಿದ. ಜಾಣ ಪ್ರಶ್ನೆ. ನಾನು ಮಾಸ್ತರನಾದ್ದರಿಂದ, ಸುಮ್ಮನೆ ನಡಿ ಅಂದೆ.

ಜ್ಯೂರಿಕ್‌ನಿಂದ ರೈಲು ಮೊದಲು ಕೆರೆಯ ದಂಡೆ ಹಿಡಿಯುತ್ತದೆ. ಒಂದು ಕೆರೆ ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು, ವಾಲೆನ್‌ಸೇ. ಅದರ ಆಚೆ ದಂಡೆಯಲ್ಲಿ ಕುರ್‌ಫಿರ್ಸ್ಟನ್ ಎಂಬ ಸಾಲು ಬೆಟ್ಟ ಗರಗಸದ ಹಲ್ಲಿನಂತೆ ನೀರಿನಿಂದ ನೆಟ್ಟಗೆ ಎದ್ದಿದೆ. ನಾನು ಕುತ್ತಿಗೆ ಬಾಗಿಸಿ ಕಿಟಕಿಯ ಮೇಲಂಚಿಗೆ ಕಣ್ಣು ಹಚ್ಚಿದೆ, ಆದರೂ ತುದಿ ಸಿಗಲಿಲ್ಲ. ಇಪ್ಪತ್ತೊಂಬತ್ತು ವರ್ಷ ಹುಡುಗರ ಗುಡ್ಡಗಳಿಗೆ ‘ಇಷ್ಟು ಚೂಪು ಇರೂದುಲ್ಲ’ ಎಂದು ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದೇನೆ. ಅವರ ಕ್ಷಮೆ ಕೇಳಬೇಕು. ಲಾಂಡ್‌ಕ್ವಾರ್ಟ್‌ನಲ್ಲಿ ಇಳಿದು ರೇಟಿಯನ್ ರೈಲ್ವೆಯ ಕೆಂಪು ಗಾಡಿ ಹತ್ತಿದೆವು. ಮೀಟರ್ ಗೇಜ್, ನಮ್ಮಲ್ಲಿ ಹಿಂದೆ ಇದ್ದಂಥದು. ಏರಿ ಏರಿ ಕ್ಲೋಸ್ಟರ್ಸ್ ದಾಟಿ, ಒಂದು ಕಪ್ಪು ಕೆರೆಯನ್ನು ಬಳಸಿ, ಸಮುದ್ರಮಟ್ಟದಿಂದ ಸುಮಾರು 1,560 ಮೀಟರ್ ಎತ್ತರದ ದಾವೋಸ್‌ಗೆ ತಂದು ಇಳಿಸಿತು.

ಪ್ರತಿ ಜನವರಿಯಲ್ಲಿ ನಮ್ಮ ಮಂತ್ರಿಗಳು ಕರಿ ಕೋಟು ತೊಟ್ಟು ಬಂಡವಾಳ ತರಲು ಹೋಗುವ ದಾವೋಸ್ ಇದೇ. ಅಕ್ಟೋಬರಿನಲ್ಲಿ ಮಂತ್ರಿಗಳಿರಲಿಲ್ಲ, ಹಿಮವೂ ಇರಲಿಲ್ಲ. ಊರು ಮಧ್ಯಾಹ್ನ ಊಟ ಮಾಡಿ ಮಲಗಿದಂತಿತ್ತು. ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಚಾವಣಿಗಳು. ಹಿಮ ಬೀಳುವ ದೇಶದ ಮನೆಗಳಿಗೆ ಇಳಿಜಾರು ಚಾವಣಿ ಎಂದು ಪಾಠ ಹೇಳಿದ್ದೆ. ಇಲ್ಲಿ ಕಟ್ಟಡದ ಮೇಲೆ ಕಟ್ಟಡ ಸಪಾಟು, ನಮ್ಮ ಕಡೆಯ ಮಾಳಿಗೆ ಮನೆಗಳ ಹಾಗೆ. ಬಿಸಿಲಿಗೆ ಮೈಯೊಡ್ಡುವ ಉದ್ದುದ್ದ ಬಾಲ್ಕನಿಗಳು ಕ್ಷಯರೋಗದ ಆಸ್ಪತ್ರೆಗಳ ಕಾಲದವು. ಔಷಧಿಯಿಲ್ಲದ ಆ ದಿನಗಳಲ್ಲಿ ಯುರೋಪಿನ ಮೂಲೆಮೂಲೆಯಿಂದ ಜನ ಈ ಒಣ ಗಾಳಿಯನ್ನು ಕುಡಿಯಲು ಬಂದು ತಿಂಗಳುಗಟ್ಟಲೆ ಕಂಬಳಿ ಹೊದ್ದು ಆ ಬಾಲ್ಕನಿಗಳಲ್ಲಿ ಮಲಗುತ್ತಿದ್ದರು. ಹೆಂಡತಿಯನ್ನು ನೋಡಲು 1912ರಲ್ಲಿ ಬಂದ ಥಾಮಸ್ ಮಾನ್ ಹನ್ನೆರಡು ವರ್ಷದ ನಂತರ ಒಂದು ದಪ್ಪ ಕಾದಂಬರಿ ಕೊಟ್ಟ. ಜ್ವರ ಹಿಡಿದೇ ಬಂದ ಇನ್ನೊಬ್ಬ ಬೆಟ್ಟಗಳನ್ನು ಕೊಟ್ಟ. ನಾನು ಬಂದದ್ದು ಈ ಎರಡನೆಯವನಿಗಾಗಿ.

ಎರ್ನ್ಸ್ಟ್ ಲುಡ್ವಿಗ್ ಕಿರ್ಶ್ನರ್. 1880ರಲ್ಲಿ ಹುಟ್ಟಿದ ಜರ್ಮನ್. ಡ್ರೆಸ್ಡನ್ನಿನಲ್ಲಿ ವಾಸ್ತುಶಿಲ್ಪ ಓದುತ್ತಿದ್ದ ನಾಲ್ವರು ಹುಡುಗರು 1905ರಲ್ಲಿ ‘ಸೇತುವೆ’ ಎಂಬ ಹೆಸರಿನ ಗುಂಪು ಕಟ್ಟಿದರು. ಇವನು ಅದರ ಮುಂದಾಳು. ಕಂಡದ್ದನ್ನು ಕಂಡ ಹಾಗೆ ಬರೆಯುವುದಲ್ಲ, ಕಂಡಾಗ ಒಳಗೆ ಏನಾಯಿತೋ ಆ ಬಣ್ಣದಲ್ಲಿ ಬರೆಯುವುದು ಅವರ ದಾರಿ. ಅದಕ್ಕೇ ಎಕ್ಸ್‌ಪ್ರೆಷನಿಸ್ಟರು ಎಂಬ ಹೆಸರು. 1915ರಲ್ಲಿ ಸೇನೆಗೆ ಸೇರಿದ, ಕೆಲವೇ ತಿಂಗಳಲ್ಲಿ ಮನಸ್ಸು ಮುರಿದುಬಿತ್ತು. ಆ ವರ್ಷ ಅವನು ಬರೆದುಕೊಂಡ ಸ್ವಂತ ಚಿತ್ರದಲ್ಲಿ ಸೈನಿಕನ ಉಡುಪಿದೆ, ಬಲಗೈ ಮಣಿಕಟ್ಟಿನಲ್ಲಿ ಕತ್ತರಿಸಿದೆ. ನಿಜದಲ್ಲಿ ಕೈ ಕತ್ತರಿಸಿರಲಿಲ್ಲ. ಆದರೆ 1917ರಲ್ಲಿ ದಾವೋಸ್‌ಗೆ ಬಂದಾಗ ಕೈಕಾಲುಗಳಲ್ಲಿ ಲಕ್ವದಂಥ ಜಡತೆ ಇತ್ತು. ಚಿತ್ರ ಮೊದಲು ಬಂತು, ಕಾಯಿಲೆ ಆಮೇಲೆ ಬಂತು. ಆ ಕೈ ಬೆಟ್ಟದ ಊರಿನಲ್ಲಿ ಮೆಲ್ಲಗೆ ಜೀವ ಹಿಡಿಯಿತು. ಇಪ್ಪತ್ತೊಂದು ವರ್ಷ ಅವನು ಇಲ್ಲೇ ಉಳಿದ.

ಕಿರ್ಶ್ನರ್ ಮ್ಯೂಸಿಯಂ ಊರಿನ ಮುಖ್ಯ ಬೀದಿಯಲ್ಲೇ ಇದೆ. 1992ರಲ್ಲಿ ತೆರೆದ ಕಟ್ಟಡ, ಗಾಜಿನ ಪೆಟ್ಟಿಗೆಗಳನ್ನು ಪಕ್ಕಪಕ್ಕ ಇಟ್ಟಂತೆ. ಚಾವಣಿಯ ಮೇಲೆ ಜಲ್ಲಿಯ ಬದಲು ಒಡೆದ ಗಾಜಿನ ಚೂರುಗಳನ್ನು ಹರಡಿದ್ದಾರೆ. ಒಳಗೆ ಬೆಳಕು ಮೇಲಿನಿಂದ ಸೋಸಿ ಬರುತ್ತದೆ, ಮೋಡದ ದಿನ ನಮ್ಮ ಅಂಗಳದಲ್ಲಿ ಕೂತಂತೆ. ಎರಡನೆಯ ಕೋಣೆಯಲ್ಲಿ ಟಿಂಟ್ಸನ್‌ಹಾರ್ನ್ ಎದುರಾಯಿತು.

ಅದು 1919–20ರ ಚಿತ್ರ. ಮೊನ್‌ಸ್ಟೈನ್ ಹಳ್ಳಿಯ ಹತ್ತಿರದ ಕಮರಿ, ಅದರ ಮೇಲೆ ಆ ಶಿಖರ. ಮುಂದೆ ಕಾಡು, ನಡುವೆ ಭೂಮಿ ಬಿರಿದಂತೆ ಕಂದರ, ಹಿಂದೆ ಬೆಟ್ಟ. ಬೆಟ್ಟ ನೀಲಿ, ನೇರಳೆ. ಮರಗಳು ಮರದ ಬಣ್ಣದಲ್ಲಿಲ್ಲ, ಮಾತು ತುಟಿಗೆ ಬಂದ ಬಣ್ಣದಲ್ಲಿವೆ. ಕುಂಚದ ಗೆರೆಗಳು ಗರಗಸದಲ್ಲಿ ಕೊಯ್ದಂತೆ. ಮರದ ಅಚ್ಚು ಕೆತ್ತುವವನ ಕೈ ಇದು ಎಂದು ಯಾರಾದರೂ ಹೇಳಬಲ್ಲರು. ನನ್ನನ್ನು ಹಿಡಿದು ನಿಲ್ಲಿಸಿದ್ದು ಚಿತ್ರದ ಮೈ. ಹೊಳಪೇ ಇಲ್ಲ. ಸುಣ್ಣ ಬಳಿದ ಗೋಡೆಯ ಹಾಗೆ ಬೆಳಕನ್ನು ಕುಡಿದು ಕೂತಿದೆ. ಅವನು ಎಣ್ಣೆಬಣ್ಣಕ್ಕೆ ಮೇಣ ಬೆರೆಸಿ, ಬೆಂಜಿನ್ ಹಾಕಿ ತೆಳ್ಳಗೆ ಮಾಡಿ ಬಳಿಯುತ್ತಿದ್ದ. ತನ್ನ ಚಿತ್ರಗಳಿಗೆ ವಾರ್ನಿಶ್ ಹಚ್ಚಲೇಬಾರದು ಎಂಬುದು ಅವನ ಕಟ್ಟಪ್ಪಣೆ. ಹೊಳೆಯುವ ಕಿರ್ಶ್ನರ್ ಕಂಡರೆ ಯಾರೋ ನಂತರ ಕೈಯಾಡಿಸಿದ್ದಾರೆ ಅಂತಲೋ, ಅದು ಅವನದೇ ಅಲ್ಲ ಅಂತಲೋ ಮೊದಲ ಅನುಮಾನ ಹುಟ್ಟಬೇಕು.

‘ಕಾಕಾ, ನೇರಳೆ ಗುಡ್ಡಾ ಎಲ್ಲಿ ಇರ್ತದ್ರಿ?’ ಅಣ್ಣನ ಮಗಳು ಕೇಳಿದಳು. ಇಷ್ಟು ವರ್ಷದಿಂದ ಗುಡ್ಡಗಳ ನಡುವೆ ಇರುವವಳು ಕೇಳಿದ್ದು ಇದನ್ನು. ಅದೇ ಸಂಜೆ ಹೋಟೆಲಿನ ಮುಂದೆ ಚಹಾ ಹಿಡಿದು ಕೂತಿದ್ದೆವು. ಕಣಿವೆ ಕತ್ತಲಾಗಿತ್ತು. ಸೂರ್ಯ ನಮಗೆ ಮುಳುಗಿದ್ದ, ಎತ್ತರದ ಬಂಡೆಗೆ ಇನ್ನೂ ಮುಳುಗಿರಲಿಲ್ಲ. ಬಂಡೆ ಮೊದಲು ಹಳದಿಯಾಯಿತು, ಆಮೇಲೆ ಹಣ್ಣು ಕಲ್ಲಂಗಡಿಯ ಒಳಮೈ, ಆಮೇಲೆ ನೇರಳೆ. ನಾನು ಕಪ್ಪು ಕೆಳಗಿಡುವಷ್ಟರಲ್ಲಿ ಬೂದಿ. ಹದಿನೈದು ನಿಮಿಷದ ಆಟ. ‘ನೋಡಿದ್ಯಾ,’ ಅಂದೆ. ಅವಳು ಫೋನು ಹೊರತೆಗೆಯುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅವನು ಕಟ್ಟಿದ ಬಣ್ಣಗಳಲ್ಲಿ ಅರ್ಧ ಇಲ್ಲೇ ಸಿಗುವ ಸರಕು.

ಮಾರನೆಯ ದಿನ ಮ್ಯೂಸಿಯಂಗೆ ಮತ್ತೆ ಹೋದೆವು. ಆಗ ನನ್ನ ತಲೆಗೆ ಹುಳ ಬಿತ್ತು.

ದಾವೋಸ್‌ನ ಬೆಟ್ಟ, ಗರಗಸದ ಗೆರೆ, ಗುಲಾಬಿ ಹಾದಿ, ಹಸಿರು ಮುಖ. ಇದೆಲ್ಲ ಇದ್ದರೆ ಕಿರ್ಶ್ನರ್ ಎಂದು ಮಗ್ಗಿ ಒಪ್ಪಿಸಿದಂತೆ ಹೇಳಿಬಿಡಬಹುದೇ? ಆಗುವುದಿಲ್ಲ. ಅವನು ಇಲ್ಲಿ ಒಂಟಿಯಾಗಿರಲಿಲ್ಲ. ಶ್ವಾಸಕೋಶದ ಕಾಯಿಲೆಗೆಂದು 1920ರಲ್ಲಿ ಬಂದ ಡಚ್ ಚಿತ್ರಕಾರ ಯಾನ್ ವೀಗರ್ಸ್ ಇವನ ಜೊತೆ ಕೂತು ಅದೇ ಕಣಿವೆ ಬರೆದ. ಮೇಣ, ಬೆಂಜಿನ್ನಿನ ಗುಟ್ಟನ್ನೂ ಕಲಿತು ತನ್ನ ಊರು ಗ್ರೋನಿಂಗನ್‌ಗೆ ಒಯ್ದ. ಅದೇ ಕಾಯಿಲೆಯ ಜರ್ಮನ್ ಫಿಲಿಪ್ ಬೌಕ್‌ನೆಕ್ಟ್ ಮೊದಲೇ ಇಲ್ಲಿದ್ದು ಹುಲ್ಲು ಕೊಯ್ಯುವವರನ್ನೂ ಬೆಟ್ಟಗಳನ್ನೂ ಉರಿಬಣ್ಣದಲ್ಲಿ ಬರೆಯುತ್ತಿದ್ದ. 1923ರಲ್ಲಿ ಬಾಸೆಲ್‌ನಲ್ಲಿ ಕಿರ್ಶ್ನರನ ಪ್ರದರ್ಶನ ಕಂಡು ತಲೆಕೆಟ್ಟ ಹುಡುಗರು ಬೇಸಿಗೆಗೆ ಅವನ ಮನೆಬಾಗಿಲಿಗೆ ಬಂದರು: ಕಲ್ಲುಕುಟಿಗ ಹರ್ಮನ್ ಶೇರರ್, ಆಲ್ಬರ್ಟ್ ಮ್ಯೂಲರ್, ಆರ್ಕಿಟೆಕ್ಟ್ ಕೆಲಸ ಬಿಟ್ಟ ಪಾಲ್ ಕಮೇನಿಷ್. 1924 ಮುಗಿಯುವ ರಾತ್ರಿ ಅವರು ‘ಕೆಂಪು–ನೀಲಿ’ ಎಂದು ತಮ್ಮದೇ ಗುಂಪು ಕಟ್ಟಿಕೊಂಡರು. ಹೆಸರಿನಲ್ಲೇ ಗುರುವಿನ ಬಣ್ಣದ ಡಬ್ಬಿ ಇದೆ.

ಒಂದೇ ಇಳಿಜಾರು, ಒಂದೇ ಬಿಸಿಲು, ಪಕ್ಕಪಕ್ಕದಲ್ಲಿ ಊರಿದ ಈಸೆಲ್‌ಗಳು. ಇಂಥ ಒಂದು ಬೆಟ್ಟದ ಚಿತ್ರ ನೂರು ವರ್ಷದ ನಂತರ ಯಾರದೋ ಅಟ್ಟದಿಂದ ಸಹಿಯಿಲ್ಲದೆ ಇಳಿಯಿತೆನ್ನಿ. ಕಿರ್ಶ್ನರನದು ಎಂದು ತೀರ್ಮಾನವಾದರೆ ಮನೆತನ ಉದ್ಧಾರವಾಯಿತು; ಶಿಷ್ಯನದು ಎಂದಾದರೆ ಅಟ್ಟಕ್ಕೆ ಹೊಸ ಹೆಂಚು ಹಾಕಿಸಬಹುದು. ಬೆಟ್ಟ ಅದೇ, ಬಣ್ಣ ಅದೇ. ಬದಲಾಗುವುದು ಒಂದು ಹೆಸರು.

ಇಲ್ಲಿ ನನ್ನ ಕಿರಣ ಎಣಿಸುವ ವಿದ್ಯೆಯನ್ನು ಹೊರತೆಗೆದೆ. ಎರಡು ದಿನದ ನಂತರ ಬಾಸೆಲ್‌ನ ಕುನ್ಸ್ಟ್‌ಮ್ಯೂಸಿಯಂನಲ್ಲಿ ಅದಕ್ಕೆ ಕೆಲಸ ಸಿಕ್ಕಿತು. ಅಲ್ಲಿ ಕಿರ್ಶ್ನರನ 1922ರ ‘ಆಮ್ಸೆಲ್‌ಫ್ಲೂ’ ಇದೆ, 1923ರ ಹಿಮ ಹೊದ್ದ ದಾವೋಸ್ ಇದೆ. ಆ ಬಾಸೆಲ್ ಹುಡುಗರ ಕೆಲಸವೂ ಇದೆ. ಶೇರರ್ ಮೂಲತಃ ಕಲ್ಲು ಕಡಿಯುವವನು. ಅವನ ಬೆಟ್ಟಕ್ಕೆ ಭಾರ ಇದೆ, ಮನುಷ್ಯರೂ ಅಡಿಪಾಯ ಹಾಕಿ ನಿಲ್ಲಿಸಿದವರಂತೆ. ಮ್ಯೂಲರನ ಬಣ್ಣ ಹೆಚ್ಚು ಮೃದು, ಅವನಿಗೆ ಜಗಳ ಬೇಡ. ಕಿರ್ಶ್ನರನ ಗೆರೆಗೆ ನರ ಇದೆ. ಒಂದು ಕಡೆ ಕೆರಳುತ್ತದೆ, ಅಲ್ಲೇ ಬಿಟ್ಟು ಇನ್ನೆಲ್ಲೋ ಓಡುತ್ತದೆ. ಗುರುವಿನ ಗೆರೆ ಸೊಟ್ಟ ಆದದ್ದು ಕೈ ನಡುಗಿ. ಶಿಷ್ಯನ ಗೆರೆ ಸೊಟ್ಟ ಆದದ್ದು ಗುರುವಿನ ಗೆರೆ ಸೊಟ್ಟ ಇತ್ತಲ್ಲ ಎಂದು. ಹಾಗಂತ ಶಿಷ್ಯರನ್ನು ಹಿಂದಿನ ಬೆಂಚಿಗೆ ದೂಡುವ ಮನಸ್ಸಿಲ್ಲ. ಮ್ಯೂಲರ್ 1926ರ ಕೊನೆಗೆ, ಶೇರರ್ 1927ರಲ್ಲಿ ತೀರಿಹೋದರು. ಇಬ್ಬರಿಗೂ ನಲವತ್ತು ತುಂಬಿರಲಿಲ್ಲ. ತಮ್ಮ ಸ್ವಂತ ಸೊಟ್ಟ ಹುಡುಕಿಕೊಳ್ಳಲು ಅವರಿಗೆ ವೇಳೆ ಸಿಗಲಿಲ್ಲ.

ಕೈ ಗುರುತಿಸಿದರೆ ಸಾಲದು, ಹಿಂಬದಿ ನೋಡಬೇಕು. ನಮ್ಮಣ್ಣನ ಮಾತು ಸ್ವಿಟ್ಜರ್ಲೆಂಡಿನಲ್ಲೂ ಸಲ್ಲುತ್ತದೆ. ಕಿರ್ಶ್ನರ್ ಸತ್ತ ಮೇಲೆ ಮನೆಯಲ್ಲಿ ಉಳಿದ ರಾಶಿ ಚಿತ್ರಗಳು ಕೆಲಕಾಲ ಬಾಸೆಲ್‌ನ ಈ ಮ್ಯೂಸಿಯಂನ ಸುಪರ್ದಿಯಲ್ಲಿದ್ದವು. ಆಗ ಪ್ರತಿಯೊಂದರ ಬೆನ್ನಿಗೂ ‘ಕಿರ್ಶ್ನರನ ಬಿಟ್ಟುಹೋದ ಆಸ್ತಿ’ ಎಂಬರ್ಥದ ರಬ್ಬರ್ ಮುದ್ರೆ ಬಿತ್ತು. ಮುದ್ರೆಯೊಳಗೆ ಕೈಯಿಂದ ಬರೆದ ಸಂಖ್ಯೆ, ಊರಿನ ಸಂಕೇತ: ಡ್ರೆಸ್ಡನ್, ಬರ್ಲಿನ್, ದಾವೋಸ್. ಥಾನಿನ ತುದಿಗೆ ಗಿರಣಿಯವರು ಒತ್ತುವ ಠಸ್ಸೆಯ ಹಾಗೆ. ಆದರೆ ಠಸ್ಸೆಗೆ ಒಂದು ಮಿತಿ ಉಂಟು, ಜವಳಿಯವರಿಗೆ ಅದು ಗೊತ್ತು. ಬಟ್ಟೆ ಯಾವ ಗೋದಾಮಿನಿಂದ ಬಂತೆಂದು ಅದು ಹೇಳೀತು. ಯಾವ ಮಗ್ಗದ ಮೇಲೆ, ಯಾರ ಕೈ ಆಡಿತು ಎಂದು ಹೇಳಲಾರದು.

ಅದಕ್ಕಿಂತ ತಮಾಷೆ ಬೇರೆ ಇದೆ. ಕಿರ್ಶ್ನರನ ಕ್ಯಾನ್‌ವಾಸನ್ನು ತಿರುಗಿಸಿದರೆ ಹಿಂದೆ ಇನ್ನೊಂದು ಚಿತ್ರ ಇರುವ ಸಂಭವ ಉಂಟು. ಎರಡೂ ಬದಿ ಬರೆದ ಅವನ ಕೃತಿಗಳು ನೂರಕ್ಕೂ ಹೆಚ್ಚು. ಕ್ಯಾನ್‌ವಾಸ್ ಸಾಲದೆ ಹಳೆಯದನ್ನು ಮಗುಚಿ ಹೊಸದು ಬರೆದ. ಒಂದು ಬದಿಗೆ ಡ್ರೆಸ್ಡನ್ನಿನ ಹುಡುಗಿ, ಮತ್ತೊಂದು ಬದಿಗೆ ದಾವೋಸ್‌ನ ಬೆಟ್ಟ ಬೆನ್ನಿಗೆ ಬೆನ್ನು ಹಚ್ಚಿ ನಿಂತಿರಬಹುದು. ಗೋಡೆಗೆ ಒಂದನ್ನು ತೂಗಿದರೆ ಇನ್ನೊಂದು ಗೋಷಾದಲ್ಲಿ. ಯಾವುದು ಮುಂದು, ಯಾವುದು ಹಿಂದು? ಗವಂತಿ ಕಸೂತಿಯ ಹೆಂಗಸರು ಈ ಪ್ರಶ್ನೆಗೆ ನಕ್ಕಾರು.

ಇಷ್ಟೆಲ್ಲ ಆದಮೇಲೆ ಕಿರ್ಶ್ನರನ ಸ್ವಂತ ಸಹಿಯನ್ನಾದರೂ ನಂಬೋಣವೆಂದರೆ, ಅದೇ ಎಲ್ಲಕ್ಕಿಂತ ಮೋಸದ್ದು. ಹಳೆಯ ಚಿತ್ರಗಳಿಗೆ ಅವನು ನಿಜಕ್ಕಿಂತ ಹಿಂದಿನ ಇಸವಿ ಹಾಕುತ್ತಿದ್ದ. ಮತೀಸ್, ಮುಂಕ್ ಇವರಿಂದ ತಾನು ಏನೂ ತಗೊಂಡಿಲ್ಲ, ತಾನೇ ಮೊದಲು ಎಂದು ತೋರಿಸಬೇಕಿತ್ತು. ಡ್ರೆಸ್ಡನ್ ಕಾಲದ ಚಿತ್ರಗಳನ್ನು ದಾವೋಸ್‌ನಲ್ಲಿ ಕೂತು ತಿದ್ದಿದ, ಮೇಲೆ ಬಣ್ಣ ಬಳಿದ. 1968ರಲ್ಲಿ ಡೊನಾಲ್ಡ್ ಗಾರ್ಡನ್ ಎಂಬ ಅಮೆರಿಕದ ವಿದ್ವಾಂಸ ಅವನ ವರ್ಣಚಿತ್ರಗಳ ಪೂರ್ಣ ಪಟ್ಟಿ ಹೊರತಂದಾಗ, ಚಿತ್ರಕಾರನೇ ಬರೆದಿಟ್ಟ ಇಸವಿಗಳನ್ನು ಹೊಡೆದುಹಾಕಿ ಬೇರೆ ಇಸವಿ ಕೊಡಬೇಕಾಯಿತು. ಹೆಸರು ಅಸಲಿ, ತಾರೀಖು ನಕಲಿ. ನಮ್ಮ ಹಿಂದಿನ ಬೆಂಚಿನ ಹುಡುಗರು ಇಷ್ಟು ದೂರ ಯೋಚಿಸಿದ್ದಿಲ್ಲ.

ಅಷ್ಟಕ್ಕೂ ಅವನು ನಿಲ್ಲಲಿಲ್ಲ. 1920ರಿಂದ ಲೂಯಿ ದ ಮಾರ್ಸಲ್ ಎಂಬ ಫ್ರೆಂಚ್ ವೈದ್ಯನೊಬ್ಬ ಕಿರ್ಶ್ನರನ ಕಲೆಯ ಬಗ್ಗೆ ಬಲು ತಿಳಿವಳಿಕೆಯ ಲೇಖನಗಳನ್ನು ಬರೆಯತೊಡಗಿದ. ಎಷ್ಟು ತಿಳಿವಳಿಕೆಯೆಂದರೆ ಚಿತ್ರಕಾರನ ಹೊಟ್ಟೆಯೊಳಗೆ ಹೊಕ್ಕು ಬಂದವನಂತೆ. ಆ ವೈದ್ಯ ಬೇರೆ ಯಾರೂ ಅಲ್ಲ, ಕಿರ್ಶ್ನರನೇ. ಹದಿಮೂರು ವರ್ಷ ಈ ಆಟ ನಡೆಯಿತು. ಕೊನೆಗೆ 1933ರಲ್ಲಿ ಬರ್ನ್‌ನ ಪ್ರದರ್ಶನದ ಕ್ಯಾಟಲಾಗಿನಲ್ಲಿ ಮಾರ್ಸಲನ ಹೆಸರಿನ ಮುಂದೆ ಒಂದು ಪುಟ್ಟ ಶಿಲುಬೆ ಮುದ್ರಿಸಿ ಅವನನ್ನು ಸಾಯಿಸಿದ. ತನ್ನನ್ನು ಹೊಗಳಲು ಒಬ್ಬನನ್ನು ಹುಟ್ಟಿಸಿ, ಕೆಲಸ ಮುಗಿದ ಮೇಲೆ ಮಣ್ಣೂ ಮಾಡಿದ ಮನುಷ್ಯ. ನನಗೆ ನಗುವೂ ಬಂತು, ಕೆಡುಕೂ ಅನ್ನಿಸಿತು. ಪೂರ್ತಿ ನಂಬುವ ಒಬ್ಬ ವಿಮರ್ಶಕ ಸಿಗದವನ ಒಂಟಿತನ ಅದು.

ಬಾಸೆಲ್‌ನಿಂದ ಮರಳಿದ ರಾತ್ರಿ ಊಟದಲ್ಲಿ ಅಳಿಯಂದಿರು ಬೆಲ್ಟ್ರಾಕಿಯ ಕಥೆ ತೆಗೆದರು. ಜರ್ಮನಿಯ ಈ ಚತುರ ಎಕ್ಸ್‌ಪ್ರೆಷನಿಸ್ಟರ ಚಿತ್ರಗಳನ್ನು ನಕಲು ಮಾಡಲಿಲ್ಲ. ಅವರು ಬರೆಯಬಹುದಾಗಿದ್ದ, ಆದರೆ ಬರೆಯದ ಚಿತ್ರಗಳನ್ನು ಬರೆದ. ಹೆಂಡತಿಯ ಅಜ್ಜನ ಸಂಗ್ರಹ ಎಂದು ಸುಳ್ಳು ಕಥೆ ಕಟ್ಟಿ, ಹೆಂಡತಿಗೇ ಅವಳ ಅಜ್ಜಿಯ ವೇಷ ಹಾಕಿಸಿ, ಹಿಂದೆ ಗೋಡೆಗೆ ಆ ಚಿತ್ರಗಳನ್ನು ತೂಗುಹಾಕಿ ಹಳೇಕಾಲದ್ದರಂತೆ ಕಾಣುವ ಫೋಟೋ ತೆಗೆದ. ಹಿಂಬದಿಗೆ ಹಳೆಯ ಕಲಾವ್ಯಾಪಾರಿಯ ಹೆಸರಿನ ಖೊಟ್ಟಿ ಚೀಟಿ ಅಂಟಿಸಿದ. ಹಿಂಬದಿ ನೋಡುವವರು ಇದ್ದಾರೆಂದು ಅವನಿಗೂ ಗೊತ್ತು! 1914ರಲ್ಲಿ ಕಾಂಪೆನ್‌ಡೊಂಕ್ ಬರೆದದ್ದು ಎನ್ನಲಾದ ಕೆಂಪು ಕುದುರೆಗಳ ಚಿತ್ರ 2006ರಲ್ಲಿ ಕೊಲೋನ್‌ನ ಹರಾಜಿನಲ್ಲಿ 28 ಲಕ್ಷ 80 ಸಾವಿರ ಯೂರೋಗೆ ಹೋಯಿತು. ಅದರ ಬಿಳಿಬಣ್ಣವನ್ನು ಪ್ರಯೋಗಾಲಯಕ್ಕೆ ಕಳಿಸಿದಾಗ ಟೈಟಾನಿಯಮ್ ವೈಟ್ ಸಿಕ್ಕಿತು. 1914ರಲ್ಲಿ ಆ ಬಣ್ಣ ಚಿತ್ರಕಾರರ ಕೈಗೆ ಬಂದೇ ಇರಲಿಲ್ಲ. 2011ರಲ್ಲಿ ಕೊಲೋನ್ ನ್ಯಾಯಾಲಯ ಅವನಿಗೆ ಆರು ವರ್ಷ ಜೈಲು ಕೊಟ್ಟಿತು. ‘ಒಂದ ಬಿಳಿ ಬಣ್ಣಕ್ಕ ಸಿಕ್ಕ ನೋಡ್ರಿ,’ ಎಂದು ಅಳಿಯಂದಿರು ರೊಟ್ಟಿ ಮುರಿದರು. ಟ್ಯೂಬಿನ ಮೇಲೆ ಟೈಟಾನಿಯಮ್ ಅಂತ ಬರೆದೇ ಇರಲಿಲ್ಲವಂತೆ. ಚೀಟಿ ಅಂಟಿಸಿ ಜಗತ್ತಿಗೆ ಮೋಸ ಮಾಡಿದವನಿಗೆ ಒಂದು ಟ್ಯೂಬಿನ ಚೀಟಿ ಮೋಸ ಮಾಡಿತು.

ನನಗೆ ಈ ಪ್ರವಾಸದಲ್ಲಿ ಅತಿ ಹೆಚ್ಚು ಕಾಡಿದ್ದು ಮಾತ್ರ ಒಂದು ಬಟ್ಟೆ. ಜವಳಿಯವರ ಮನೆಯವನಾದ್ದರಿಂದ ಇರಬಹುದು. ಲೀಸ ಗುಯರ್ ಎಂಬ ಹೆಣ್ಣುಮಗಳು ದಾವೋಸ್‌ನ ಪಕ್ಕದ ಕಣಿವೆಯಲ್ಲಿ ಮಗ್ಗ ಹಾಕಿಕೊಂಡಿದ್ದಳು. 1922ರ ಸುಮಾರಿಗೆ ಕಿರ್ಶ್ನರನ ಪರಿಚಯವಾಯಿತು. ಅವನು ವಿನ್ಯಾಸ ಬರೆದುಕೊಟ್ಟ, ಇವಳು ನೇಯ್ದಳು: ಬೆಟ್ಟ, ದನ, ದನ ಕಾಯುವವರು. ಉಣ್ಣೆಯಲ್ಲಿ ಗೆರೆ ಕೆರಳುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಏರಬೇಕಾಗುತ್ತದೆ. ಕಣ್ಣಿದ್ದವನು ಅವನು; ಅವನ ಆಗಿನ ವರ್ಣಚಿತ್ರಗಳು ನೇಯ್ದ ಬಟ್ಟೆಯ ಹಾಗೆ ಸಪಾಟಾಗುತ್ತ, ಬಣ್ಣ ಬಣ್ಣದ ತುಂಡುಗಳಾಗುತ್ತ ಹೋದವು. ಮಗ್ಗ ಕುಂಚಕ್ಕೆ ಕಲಿಸಿತು ಅನ್ನಬಾರದೇಕೆ? ಅವನು ಹೋದಮೇಲೂ ಗುಯರ್ 1967ರಲ್ಲಿ ಸಾಯುವವರೆಗೆ ಬಾಳಿ, ಅವನ ವಿನ್ಯಾಸಗಳನ್ನು ಮತ್ತೆ ಮತ್ತೆ ನೇಯ್ದಳು. ಈ ಬಟ್ಟೆ ಯಾರದು? ಚೀಟಿಯಲ್ಲಿ ಮೊದಲು ಅವನ ಹೆಸರು, ಆಮೇಲೆ ಇವಳದು. ಇಳಕಲ್‌ನಲ್ಲಿ ಸೀರೆಗೆ ಊರಿನ ಹೆಸರಾದರೂ ಸಿಗುತ್ತದೆ, ನೇಯ್ದವಳದು ಸಿಗುವುದಿಲ್ಲ.

ಆ ಬಟ್ಟೆಯ ಮುಂದೆ ನಿಂತಾಗ ನನಗೆ ನಮ್ಮೂರಿನ ಸಿಂಪಿ ಲಿಂಗಣ್ಣನವರು ನೆನಪಾದರು. ಅವರು, ಮಧುರಚೆನ್ನರು, ಹಲಸಂಗಿಯ ಗೆಳೆಯರೆಲ್ಲ ಬೀಸುವ ಕಲ್ಲಿನ ಮುಂದೆ ಕೂತ ಹೆಂಗಸರ ಬಾಯಿಂದ ಹಾಡುಗಳನ್ನು ಕೇಳಿ ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ತಂದರು. ಸಂಪಾದಿಸಿದವರು ತಮ್ಮ ಕೃತಿಯೆಂದು ಹೇಳಿಕೊಳ್ಳಲಿಲ್ಲ. ಹಾಡಿದವರು ಸಹಿ ಹಾಕುವವರಲ್ಲ. ‘ಗರತಿ’ ಎಂಬ ಒಂದೇ ಹೆಸರಿಗೆ ಸಾವಿರ ಕೈ, ಸಾವಿರ ಬಾಯಿ. ಯುರೋಪಿನ ತಜ್ಞರಿಗೆ ಈ ಪುಸ್ತಕ ಕೊಟ್ಟು, ಯಾವ ತ್ರಿಪದಿ ಯಾರದು ಹೇಳಿ ಎಂದರೆ ಅವರು ಯಾವ ಬಣ್ಣವನ್ನು ಪ್ರಯೋಗಾಲಯಕ್ಕೆ ಕಳಿಸಿಯಾರು?

ಕೊನೆಯ ದಿನ ಫ್ರೌವೆನ್‌ಕಿರ್ಶ್‌ಗೆ ಹೋದೆವು, ದಾವೋಸ್‌ನಿಂದ ಕಣಿವೆಯ ಕೆಳಕ್ಕೆ ಒಂದೆರಡು ನಿಲ್ದಾಣ. ಕಿರ್ಶ್ನರ್ ಮೊದಲು ‘ಲಾರ್ಚ್ ಮರಗಳ ನಡುವೆ’ ಎಂಬ ಹೆಸರಿನ ರೈತನ ಮನೆಯಲ್ಲಿದ್ದ, 1923ರಿಂದ ತೀರುವವರೆಗೆ ವಿಲ್ಡ್‌ಬೋಡನ್‌ನ ಇನ್ನೊಂದು ಮನೆಯಲ್ಲಿ. ಲಾರ್ಚ್ ಎಂದರೆ ಸೂಜಿ ಎಲೆಯ ಮರವೇ, ಆದರೆ ಚಳಿಗಾಲಕ್ಕೆ ಎಲೆ ಉದುರಿಸುತ್ತದೆ. ನಾವು ಹೋದಾಗ ಉದುರುವ ಮುನ್ನ ಇಡೀ ಗುಡ್ಡ ಅರಿಸಿನ ಹಚ್ಚಿದ ಮದುಮಗಳಾಗಿತ್ತು. ಇಲ್ಲಿಯ ಹಳೆಯ ಚರ್ಚಿನ ಮುಂದು ಎಲ್ಲ ಚರ್ಚುಗಳಂತೆ. ಬಳಸಿ ಹಿಂದೆ ಹೋದರೆ ಗೋಡೆ ಹಡಗಿನ ಮೂತಿಯ ಹಾಗೆ ಚೂಪಾಗಿ ಗುಡ್ಡದ ಕಡೆಗೆ ಮುಖ ಮಾಡಿದೆ. ಮೇಲಿನಿಂದ ಹಿಮಪಾತ ಇಳಿದು ಬಂದರೆ ಆ ಮೂತಿಗೆ ಬಡಿದು ಎರಡಾಗಿ ಸೀಳಿ ಚರ್ಚಿನ ಎಡಬಲಕ್ಕೆ ಹೋಗಬೇಕು. ಅಣ್ಣ ಇದ್ದಿದ್ದರೆ ಸಂತೋಷಪಡುತ್ತಿದ್ದ.

1937ರಲ್ಲಿ ನಾಜಿಗಳು ಜರ್ಮನಿಯ ಮ್ಯೂಸಿಯಂಗಳಿಂದ ಕಿರ್ಶ್ನರನ ಆರುನೂರಕ್ಕೂ ಹೆಚ್ಚು ಕೃತಿಗಳನ್ನು ‘ಕೆಟ್ಟ ಕಲೆ’ ಎಂದು ಕಿತ್ತುಹಾಕಿದರು. ಮುಂದಿನ ಮಾರ್ಚಿನಲ್ಲಿ ಹಿಟ್ಲರನ ಸೇನೆ ಪಕ್ಕದ ಆಸ್ಟ್ರಿಯಕ್ಕೆ ನುಗ್ಗಿತು. ಆ ಗಡಿ ಇಲ್ಲಿಂದ ದೂರವಲ್ಲ. 1938ರ ಜೂನ್ 15ರಂದು ಅವನು ಮನೆಯ ಹತ್ತಿರ ಗುಂಡು ಹೊಡೆದುಕೊಂಡು ಸತ್ತ. ಸಮಾಧಿ ಲಾರ್ಚ್ ಮರಗಳ ನೆರಳಿನ ಸ್ಮಶಾನದಲ್ಲಿದೆ. ನಾನು ಚೀಲದಲ್ಲಿದ್ದ ಒಂದು ಇಂಡಿ ಲಿಂಬೆಹಣ್ಣನ್ನು ಕಲ್ಲಿನ ಮೇಲಿಟ್ಟೆ. ಹಳದಿ ಅವನಿಗೂ ಪರಿಚಯದ ಬಣ್ಣ.

ರೈಲಿಗೆ ಇನ್ನೂ ಒಂದು ತಾಸಿತ್ತು. ಟಿಂಟ್ಸನ್‌ಹಾರ್ನ್ ಕಾಣುವ ಹಾಗೆ ಬೆಂಚಿನ ಮೇಲೆ ಕೂತು ಪೆನ್ಸಿಲು ತೆಗೆದೆ. ಏಳು ವರ್ಷದ ಮೊಮ್ಮಗ, ಜ್ಯೂರಿಕ್‌ನಲ್ಲೇ ಹುಟ್ಟಿದವನು, ‘ನಂಗೂ ಹಾಳಿ ಕೊಡು ಅಜ್ಜಾ’ ಅಂದ. ಇಬ್ಬರೂ ಎದುರಿನ ಬೆಟ್ಟವನ್ನೇ ಬರೆದೆವು. ಅರ್ಧ ತಾಸಿನಲ್ಲಿ ನನ್ನದರಲ್ಲಿ ಶಿಖರದ ಮೂಗು ಮಾತ್ರ ಬಂದಿತ್ತು. ಅವನದು ಮುಗಿದೇ ಹೋಗಿತ್ತು: ಎರಡು ತ್ರಿಕೋನ, ನಡುವೆ ಅರ್ಧ ಸೂರ್ಯ, ಹಾವಿನಂಥ ಹೊಳೆ, ದಂಡೆಗೆ ಒಂದು ತೆಂಗಿನ ಮರ.

‘ಇದನ್ನ ಯಾರ ಕಲಿಸಿದ್ರಪ್ಪಾ?’

‘ಯಾರೂ ಇಲ್ಲ. ನಾನೇ.’

ತಾಯಿಯ ಕಡೆ ನೋಡಿದೆ. ನನ್ನ ಕಡೆ ಐದನೆಯ ಇಯತ್ತೆಯಲ್ಲಿ ಡ್ರಾಯಿಂಗ್ ಕಲಿತವಳು ನಗು ತಡೆದುಕೊಂಡು ಬೆಟ್ಟ ನೋಡುತ್ತಿದ್ದಳು. ಕಿರಣ ಎಣಿಸಿದೆ, ಹನ್ನೊಂದು. ಹಾಳೆ ತಿರುವಿದೆ. ಹಿಂಬದಿಯಲ್ಲಿ ಒಂದು ಕೆಂಪು ರೈಲು ಹೋಗುತ್ತಿತ್ತು, ಕಿಟಕಿಯಲ್ಲಿ ದಪ್ಪ ಮೀಸೆಯ ಒಬ್ಬ ಮುದುಕ ಕುತ್ತಿಗೆ ಬಾಗಿಸಿ ಮೇಲೆ ನೋಡುತ್ತಿದ್ದ.